ಏಳು ನಂಬರಿನ ಕಾಲು

ಮನುಷ್ಯನ ಕಷ್ಟಕ್ಕೆಲ್ಲ ನಾಲಿಗೆಯೇ ಮೂಲ ಎಂದು ದೊಡ್ಡವರು ಹೇಳಿದ್ದಾರೆ. ಏಳು ನಂಬರಣ್ಣನ ಕಷ್ಟ ಶುರುವಾಗಿದ್ದೂ ನಾಲಿಗೆಯಿಂದಲೇ. ಆದರೆ ತಪ್ಪು ಮಾಡಿದ ನಾಲಿಗೆ ಬಾಯೊಳಗೆ ಬೆಚ್ಚಗೆ ಕೂತಿತ್ತು, ಶಿಕ್ಷೆ ಅನುಭವಿಸಿದ್ದು ಬಲಗಾಲಿನ ಹೆಬ್ಬೆರಳು. ನ್ಯಾಯ ಅನ್ನೋದು ಎಲ್ಲಿದೆ ಹೇಳಿ.

ಮುಖ್ಯ ರಸ್ತೆ ತಿರುಗುವ ಮೂಲೆಯಲ್ಲಿರುವ ಶೂ ಅಂಗಡಿಯಲ್ಲಿ ಆತ ಸೇಲ್ಸ್‌ಮನ್. ಎದುರಿಗೆ ಗಾಜಿನ ಕಪಾಟು, ಒಳಗೆ ಗಿರಾಕಿಗಳಿಗೆ ಉದ್ದನೆಯ ಮೆತ್ತನೆ ಬೆಂಚು, ಅವರು ಕಾಲಿಡಲು ಇಳಿಜಾರಿನ ಸ್ಟೂಲು, ಹಿಂದಿನ ಗೋಡೆಗೆ ಸೂರು ಮುಟ್ಟುವಷ್ಟು ರಟ್ಟಿನ ಡಬ್ಬಿಗಳು. ಕಾರ್ಖಾನೆಯವರು ಗಾಜಿನ ಕಪಾಟಿನಲ್ಲಿಡಲು ಹೊಸ ಮಾದರಿಯ ಶೂ ಕಳಿಸುತ್ತಿದ್ದುದು ಒಂದೇ ಅಳತೆಯಲ್ಲಿ, ಏಳು ನಂಬರಿನಲ್ಲಿ. ಹೊಸ ಮಾದರಿ ಬಂದ ಮೇಲೆ ಹಳೆಯ ಮಾದರಿಯ ಶೂ, ಕೆಲಸದವರಲ್ಲಿ ಯಾರ ಕಾಲಿಗೆ ಹಿಡಿಸುತ್ತದೋ ಅವರಿಗೆ ಪುಕ್ಕಟೆ. ಉಳಿದವರಿಗೆ ವರ್ಷಕ್ಕೊಂದು ಜೊತೆ ಮಾಮೂಲಿ ಕಪ್ಪು ಶೂ. ಇದು ಆ ಅಂಗಡಿಯ ಪದ್ಧತಿ.

ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನ, ಮಾಲೀಕರು ಪುಸ್ತಕ ತೆರೆದು, "ನಿನ್ನ ಕಾಲಿನ ನಂಬರು ಎಷ್ಟಪ್ಪಾ?" ಎಂದು ಕೇಳಿದರು. ಗಾಜಿನಲ್ಲಿ ಚೂಪು ಮೂತಿಯ ಕಂದು ಶೂ ಒಂದು ಜೊತೆ ಮಿರಮಿರ ಮಿಂಚುತ್ತಿತ್ತು. ಕಾಲು ಒಂಬತ್ತು ಎಂದಿತು, ಬಾಯಿ ಏಳು ಎಂದಿತು. ಮಾಲೀಕರಿಗೆ ಕೇಳಿಸಿದ್ದು ಬಾಯಿಯ ಮಾತು. ಹಾಗೆಂದೇ ಬರೆದುಕೊಂಡರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಶೂ ಇದ್ದಷ್ಟು ಕಾಲು ಮಡಚು ಎಂದು ಈತ ತಿದ್ದುಪಡಿ ಮಾಡಿಕೊಂಡ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪಾದಕ್ಕೆ ಪೌಡರ್ ಬಳಿಯುವುದು, ತೆಳ್ಳನೆಯ ಕಾಲುಚೀಲ ಏರಿಸುವುದು, ಬೆರಳುಗಳನ್ನು ಒಂದರ ಮೇಲೊಂದು ಹತ್ತಿಸಿ, ಹಿಮ್ಮಡಿಗೆ ಶೂ ಏರಿಸುವ ಸ್ಟೀಲಿನ ಪಟ್ಟಿ ಕೊಟ್ಟು, ಹಲ್ಲು ಕಚ್ಚಿ, ದೇವರೇ ಎಂದು ಒಮ್ಮೆ ಒತ್ತುವುದು. ಹೀಗೆ ನಲವತ್ತನಾಲ್ಕು ಜೊತೆ ಶೂ ಅವನ ಕಾಲನ್ನು ತಿಂದವು. ಅಂಗಡಿಯಲ್ಲಿ ಅವನ ಹೆಸರೇ ಏಳು ನಂಬರಣ್ಣ ಎಂದಾಯಿತು. ಅದನ್ನಾದರೂ ಅಂಗಡಿಯಲ್ಲೇ ಬಿಟ್ಟು ಬಂದನೇ? ಇಲ್ಲ. ಮನೆಯಲ್ಲೂ ಅದೇ ಜಂಬ. ಹೆಂಡತಿಯ ತಮ್ಮನಿಗೆ ಹತ್ತು ನಂಬರಿನ ಕಾಲು. ಅವನು ಬಂದಾಗಲೆಲ್ಲ ಬಾಗಿಲಲ್ಲಿ ಬಿಟ್ಟ ಚಪ್ಪಲಿ ತೋರಿಸಿ, "ಯಾರೋ ದೋಣಿ ಕಟ್ಟಿ ಹೋಗಿದ್ದಾರೆ ನೋಡೋ. ಕಾಲು ಚಿಕ್ಕದಿರೋದು ಸಂಸ್ಕಾರದ ಲಕ್ಷಣ ಕಣೋ" ಎನ್ನುತ್ತಿದ್ದ.

ಸಂಸ್ಕಾರ ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿತು. ಮೊದಲು ಗೋಲಿಯಷ್ಟಿತ್ತು, ಆಮೇಲೆ ನೆಲ್ಲಿಕಾಯಿಯಷ್ಟಾಯಿತು. ಹೆಬ್ಬೆರಳು, ಬಸ್ಸಿನಲ್ಲಿ ತೂಕಡಿಸುವವನು ಪಕ್ಕದವನ ಹೆಗಲಿಗೆ ಬೀಳುವ ಹಾಗೆ, ಎರಡನೇ ಬೆರಳಿನ ಮೇಲೆ ಒರಗಿಕೊಂಡಿತು. ಸಂಜೆಯ ಹೊತ್ತಿಗೆ ಗಂಟು ಕೆಂಡ. ಆ ಅಂಗಡಿಯಲ್ಲಿ ಸೇಲ್ಸ್‌ಮನ್ನುಗಳು ಕೂರುವಂತಿಲ್ಲ. ಕೂರುವ ಹಕ್ಕು ಒಬ್ಬನಿಗೇ, ಹಿಂದಿನ ಮೂಲೆಯ ಕೈಕುರ್ಚಿಯಲ್ಲಿ ಕೂತು ಎಲ್ಲರನ್ನೂ ನೋಡಿಕೊಳ್ಳುವ ಸೂಪರ್‌ವೈಸರ್‌ಗೆ. ಆ ಮುದುಕರು ತಿಂಗಳ ಕೊನೆಗೆ ಕೆಲಸ ಬಿಡುವವರಿದ್ದರು. "ಮುಂದೆ ನೀನೇ ಅಲ್ವೇನಪ್ಪಾ" ಎಂದು ಮಾಲೀಕರು ಒಮ್ಮೆ ಬೆನ್ನು ತಟ್ಟಿದ್ದರು. ಏಳು ನಂಬರಣ್ಣನಿಗೆ ಈ ಜನ್ಮದಲ್ಲಿ ಇನ್ನು ಬೇರೇನೂ ಬೇಡವಾಗಿತ್ತು. ಆ ಕುರ್ಚಿ ಸಿಕ್ಕಿದರೆ ಸಾಕು.

ಕೊನೆಗೆ ನೋವು ತಡೆಯಲಾರದೆ ಕಾಲಿನ ಡಾಕ್ಟರಮ್ಮನ ಹತ್ತಿರ ಹೋದ.

"ಯಾವ ನಂಬರು ಹಾಕ್ತೀರಾ?"

"ಏಳು."

ಡಾಕ್ಟರಮ್ಮ ಅಳೆದರು. ಇನ್ನೊಮ್ಮೆ ಅಳೆದರು. "ಒಂಬತ್ತೂವರೆ."

"ಇರಲಾರದು ಮೇಡಂ. ನಾನು ಇದೇ ಕಸುಬಿನವನು."

"ಕಸುಬು ನಿಮ್ಮದೇ ಇರಬಹುದು, ಕಾಲು ನಿಮ್ಮ ಮಾತು ಕೇಳಲ್ಲ. ವಯಸ್ಸಾದ ಹಾಗೆ ಪಾದ ಅಗಲ ಆಗತ್ತೆ."

"ಹಾಗಾದ್ರೆ ಆಪರೇಷನ್ ಮಾಡಿ, ಗಂಟು ಕೆತ್ತಿ ಹಾಕಿ ಮೇಡಂ. ಹೇಗಾದ್ರೂ ಮಾಡಿ ಏಳಕ್ಕೆ ತಂದುಬಿಡಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಆಪರೇಷನ್ ಬೇಡ. ಮುಂಭಾಗ ಅಗಲ ಇರೋ ಮೆತ್ತನೆ ಶೂ ಹಾಕಿ, ಒಳಗೆ ಬೆರಳು ಆಡಬೇಕು. ಪಾದಕ್ಕೆ ಆಸರೆ ಕೊಡೋ ಅಟ್ಟೆ ಹಾಕಿಸಿ. ಈ ಮೆತ್ತನೆ ತುಂಡನ್ನ ಎರಡು ಬೆರಳಿನ ಮಧ್ಯೆ ಇಟ್ಕೊಳ್ಳಿ. ಬಾಗಿದ ಎಲುಬು ಇನ್ನು ನೆಟ್ಟಗಾಗಲ್ಲ, ಅದನ್ನ ಮರೆತುಬಿಡಿ. ಇರೋಷ್ಟು ದಿನ ನೋವಿಲ್ಲದ ಹಾಗೆ ನೋಡ್ಕೊಳ್ಳೋಣ, ಅಷ್ಟೇ. ಆದಷ್ಟು ಕೂತ್ಕೊಂಡಿರಿ."

ಕೊನೆಯ ಮಾತು ಕೇಳಿ ಅವನಿಗೆ ಅಳು ಬಂತು. ಕೂರುವುದಕ್ಕೇ ತಾನೇ ಇಪ್ಪತ್ತೆರಡು ವರ್ಷದಿಂದ ನಿಂತಿರುವುದು!

ಮನೆಗೆ ಬಂದಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. "ಏನಂದ್ರು ಡಾಕ್ಟ್ರು?" ಎಂದಳು.

ಈಗ ನೀವೇ ಯೋಚನೆ ಮಾಡಿ. ಸಣ್ಣ ಶೂ ಹಾಕಿ ಕಾಲು ಕೆಡಿಸಿಕೊಂಡೆ ಎಂದರೆ ಹೆಂಡತಿಗೆ ತಿಳಿಯುತ್ತದೆ. ಹೆಂಡತಿಗೆ ತಿಳಿದರೆ ಹತ್ತು ನಂಬರಿನ ಭಾವಮೈದನಿಗೆ ತಿಳಿಯುತ್ತದೆ. ಆಮೇಲೆ ಬದುಕಿ ಏನು ಪ್ರಯೋಜನ? ಆದ್ದರಿಂದ ಆತ ಗೋಡೆಯ ಕಡೆ ನೋಡುತ್ತಾ ಗಂಭೀರವಾಗಿ ಹೇಳಿದ.

"ಎಲುಬಿನ ವಿಷಯ."

"ಎಲುಬಾ!"

"ಹೂಂ. ಆಪರೇಷನ್ ಮಾಡಿ ಅಂತ ನಾನೇ ಕೇಳ್ಕೊಂಡೆ. ಬೇಡ ಅಂದ್ರು."

"ಮತ್ತೆ?"

"ಇನ್ನು ಸರಿಹೋಗಲ್ವಂತೆ. ಇರೋಷ್ಟು ದಿನ ನೋವಿಲ್ಲದೆ ಇರಬೇಕಂತೆ. ಯಾರಿಗೂ ಹೇಳೋಕೆ ಹೋಗ್ಬೇಡ."

ಇದರಲ್ಲಿ ಒಂದೇ ಒಂದು ಸುಳ್ಳು ಇದ್ದರೆ ತೋರಿಸಿ. ಎಲ್ಲವೂ ಡಾಕ್ಟರಮ್ಮನ ಬಾಯಿಂದ ಬಂದ ಮುತ್ತುಗಳೇ. ಇಪ್ಪತ್ತೆರಡು ವರ್ಷದಲ್ಲಿ ಕಾಲಿನ ಬಗ್ಗೆ ಆತ ಸತ್ಯ ಹೇಳಿದ್ದು ಅದೇ ಮೊದಲು, ಸತ್ಯ ಮನುಷ್ಯನನ್ನು ಹೇಗೆ ನುಂಗಿ ನೀರು ಕುಡಿಯುತ್ತದೆ ಎಂಬುದನ್ನು ಮುಂದೆ ನೋಡುವಿರಂತೆ. ಹೆಂಡತಿ ಚಾಕು ಕೆಳಗಿಟ್ಟಳು. "ಈರುಳ್ಳಿ ಖಾರ" ಎಂದು ಕಣ್ಣೊರೆಸಿಕೊಂಡಳು. ಹೆಚ್ಚುತ್ತಿದ್ದುದು ಸೌತೆಕಾಯಿ.

ಯಾರಿಗೂ ಹೇಳಬೇಡ ಎಂದ ಮೇಲೆ ಹೇಳದೆ ಇರುವುದಾದರೂ ಹೇಗೆ? ಅವಳು ಪಕ್ಕದ ಮನೆಯ ಟೀಚರಮ್ಮನ ಹೆಗಲ ಮೇಲೆ ಬಿದ್ದು ಅತ್ತಳು. ಟೀಚರಮ್ಮ, "ಆಪರೇಷನ್ನೂ ಬೇಡ ಅಂದ್ರಾ? ಅಂದ್ರೆ ಕೈ ಬಿಟ್ಟ ಹಾಗೇ ಕಣಮ್ಮ. ಅವರ ಮುಂದೆ ಮಾತ್ರ ತೋರಿಸ್ಕೋಬೇಡಿ, ನಗ್ತಾ ಇರಿ" ಎಂದು ಧೈರ್ಯ ಹೇಳಿ, ತಮ್ಮ ಧೈರ್ಯಕ್ಕೆಂದು ಬೀದಿಯ ಎಲ್ಲ ಮನೆಗೂ ಹೋಗಿ ಬಂದರು.

ಮರುದಿನ ಬೆಳಿಗ್ಗೆಯಿಂದಲೇ ಲೋಕ ಬದಲಾಯಿತು. ಮೇಲಿನ ಮನೆಯ ಡ್ರೈವರು ಒಂಬತ್ತು ವರ್ಷದಿಂದ ತನ್ನ ಸ್ಕೂಟರನ್ನು ಇವರ ಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದವನು, ಅಂದು ತಾನೇ ತಳ್ಳಿ ಪಕ್ಕಕ್ಕಿಟ್ಟ. ಕೈ ಮುಗಿದು, "ಅಣ್ಣಾ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೇಗ್ ಹಾಕ್ಕೊಳ್ಳಿ" ಎಂದ.

ಏಳು ನಂಬರಣ್ಣನಿಗೆ ತಕ್ಷಣ ಹೊಳೆಯಿತು. ಸೂಪರ್‌ವೈಸರ್ ಆಗುವ ಸುದ್ದಿ ಬೀದಿಗೆ ಗೊತ್ತಾಗಿಬಿಟ್ಟಿದೆ! ಎದೆ ಉಬ್ಬಿ ಬಂತು. "ಪರವಾಗಿಲ್ಲ ಬಿಡಪ್ಪಾ. ನಾನು ಆ ಜಾಗಕ್ಕೆ ಹೋದ್ಮೇಲೂ ನಿಮ್ಮನ್ನೆಲ್ಲ ಮರೆಯಲ್ಲ" ಎಂದ. ಡ್ರೈವರು ಮುಖ ಮುಚ್ಚಿಕೊಂಡು ಮೆಟ್ಟಿಲು ಹತ್ತಿದ.

ಮಧ್ಯಾಹ್ನ ಭಾವಮೈದ ಬಂದ. ಹೆಗಲ ಮೇಲೆ ಏಣಿ. ಎಂಟು ವರ್ಷದ ಹಿಂದೆ ಎರಡು ದಿನಕ್ಕೆಂದು ಒಯ್ದಿದ್ದ ಏಣಿ. ಆ ಪುಣ್ಯಾತ್ಮ ತೆಗೆದುಕೊಂಡದ್ದನ್ನು ಹಿಂದಕ್ಕೆ ತಂದನೆಂದರೆ ಏನೋ ಕೇಡುಗಾಲ ಎಂದು ಬುದ್ಧಿಯಿದ್ದವನು ತಿಳಿದುಕೊಳ್ಳುತ್ತಿದ್ದ.

"ಭಾವ," ಭಾವಮೈದ ಏಣಿ ಇಳಿಸುತ್ತಾ ಕೇಳಿದ, "ಯಾವಾಗ ಅಂತ ಏನಾದ್ರೂ ಹೇಳಿದ್ರಾ?"

"ತಿಂಗಳ ಕೊನೇಲಿ."

"ಅಯ್ಯೋ! ಇಷ್ಟು ಬೇಗಾನಾ?"

"ಏನೋ ಬೇಗ? ಇಪ್ಪತ್ತೆರಡು ವರ್ಷದಿಂದ ಕಾಯ್ತಿದ್ದೀನಿ ಕಣೋ. ಒಂದ್ಸಲ ಆಗಿಹೋದ್ರೆ ನಿಮ್ಮಕ್ಕನಿಗೂ ನೆಮ್ಮದಿ."

ಭಾವಮೈದ ಏಣಿಯನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ. ಆನಂದಬಾಷ್ಪ ಎಂದುಕೊಂಡ ನಮ್ಮವನು. ಛೇ, ಇಂಥ ಮನುಷ್ಯನ ಚಪ್ಪಲಿಯನ್ನು ದೋಣಿ ಅಂದೆನಲ್ಲ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು.

ಆ ವಾರವೇ ಎರಡು ಬೀದಿಯಾಚೆಯ ಅಂಗಡಿಗೆ, ಯಾರಿಗೂ ಗುರುತು ಸಿಗದಂತೆ ಮಫ್ಲರ್ ಸುತ್ತಿಕೊಂಡು ಹೋಗಿ, ಡಾಕ್ಟರಮ್ಮ ಹೇಳಿದ ಶೂ ತಂದ. ಬೂದು ಬಣ್ಣ, ಮುಂದೆ ಬ್ರೆಡ್ಡಿನ ಹಾಗೆ ಅಗಲ. ನೋಡಿದರೆ ಅಂಗಡಿಯವನಾಗಿ ನಾಚಿಕೆ. ಹಾಕಿಕೊಂಡು ನಿಂತ ಗಳಿಗೆಯಲ್ಲಿ ಮಾತ್ರ ಐದು ಬೆರಳೂ ಬಿಡಿಬಿಡಿಯಾಗಿ ನೆಲ ಮುಟ್ಟಿದವು, ಗಂಟು ಸುಮ್ಮನಾಯಿತು. ಇಷ್ಟು ಸುಖ ಇಷ್ಟು ಹತ್ತಿರವಿತ್ತೇ ಎಂದು ಹೊಟ್ಟೆ ಉರಿದುಹೋಯಿತು. ಬೀದಿಯಲ್ಲಿ ಅಗಲ ಶೂ, ಅಂಗಡಿಯ ಹಿಂದಿನ ಮೆಟ್ಟಿಲಲ್ಲಿ ಬದಲಾಯಿಸಿ ಏಳು ನಂಬರು ಎಂದು ಲೆಕ್ಕ ಹಾಕಿದ್ದ. ಎರಡು ದಿನ ನಡೆಯಿತು. ಮೂರನೇ ದಿನ, ಬಯಲಿನ ರುಚಿ ಕಂಡ ಕಾಲು ಹಳೆಯ ಗೂಡಿಗೆ ಹೋಗುವುದಿಲ್ಲ ಎಂದು ಹಟ ಹಿಡಿಯಿತು. ಪ್ಯಾಂಟಿನ ತುದಿ ಎಳೆದು ಶೂ ಮರೆಮಾಡಿಕೊಂಡು ಒಳಗೆ ಹೋದ.

ಶೂ ಅಂಗಡಿಯಲ್ಲಿ ಶೂ ಮರೆಮಾಡುವುದುಂಟೇ? ಅಲ್ಲಿ ಎಲ್ಲರೂ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುವವರು. ಬೆಲ್ಟು ಮತ್ತು ಕಾಲುಚೀಲದ ಕೌಂಟರಿನವನು, ಎಲ್ಲರೂ ಬೆಲ್ಟಿನವನು ಎಂದೇ ಕರೆಯುವ ಚುರುಕು ಆಸಾಮಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಬಿಚ್ಚಿಟ್ಟ ಬೂದು ಶೂ ಎತ್ತಿ ಒಳಗಿನ ನಂಬರು ಓದಿದ. ಓಡಿಹೋಗಿ ಮಾಲೀಕರ ಪುಸ್ತಕ ತೆಗೆಸಿದ. ಇಪ್ಪತ್ತೆರಡು ವರ್ಷವೂ ಏಳು, ಏಳು, ಏಳು.

"ಸಾರ್! ಹೋದ ವಾರ ಏಳು ನಂಬರಿದ್ದ ಕಾಲು ಈಗ ಒಂಬತ್ತೂವರೆ! ಎರಡೂವರೆ ನಂಬರು ಊತ ಸಾರ್!"

ಮಾಲೀಕರ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷದ ಅನುಭವದಲ್ಲಿ ಅವರು ಅರ್ಧ ನಂಬರಿನ ಊತ ಕಂಡಿದ್ದರು. ಎರಡೂವರೆ ನಂಬರಿನದನ್ನು ಕೇಳಿಯೂ ಇರಲಿಲ್ಲ. ಅದೇ ಸಂಜೆ ಭಾವಮೈದನೂ ಅಂಗಡಿಗೆ ಬಂದು, "ನಿಮ್ಮ ಕಾಲಿಗೆ ಬೀಳ್ತೀನಿ ಸಾರ್, ನಮ್ಮ ಭಾವನನ್ನ ದಿನವಿಡೀ ನಿಲ್ಲಿಸಿ ದುಡಿಸ್ಬೇಡಿ. ತಿಂಗಳ ಕೊನೆ ತನಕ ಅಷ್ಟೇ ಅಂತ ಅವರೇ ಅಂದ್ರು. ಏನು ಧೈರ್ಯ ಸಾರ್, ನಗ್ತಾ ಅಂದ್ರು" ಎಂದು ಹೇಳಿ ಹೋದ. ಮಾಲೀಕರು ಪುಸ್ತಕ ಮುಚ್ಚಿ, ಬಹಳ ಹೊತ್ತು ಕನ್ನಡಕ ಒರೆಸಿದರು.

ತಿಂಗಳ ಕೊನೆಯ ದಿನ ಅಂಗಡಿಯ ಷಟರ್ ಅರ್ಧ ಇಳಿಸಿ ಎಲ್ಲರೂ ಸೇರಿದರು. ಕೈಕುರ್ಚಿ ಒರೆಸಿ ನಡುವೆ ಇಟ್ಟಿದ್ದರು. ಏಳು ನಂಬರಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಹೆಂಡತಿಯೂ ಭಾವಮೈದನೂ ಮೂಲೆಯಲ್ಲಿ ನಿಂತಿದ್ದರು. ತಾನು ಕುರ್ಚಿಯಲ್ಲಿ ಕೂರುವುದನ್ನು ನೋಡಲು ಮಾಲೀಕರೇ ಕರೆಸಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದುಕೊಂಡ.

ಮಾಲೀಕರು ಮಾತು ಶುರು ಮಾಡಿದರು. "ಎಂಥ ಮನುಷ್ಯ ಇದ್ದರು! ಗಿರಾಕಿ ಬಾಗಿಲಲ್ಲಿ ಕಾಲಿಟ್ರೆ ಸಾಕು, ನಂಬರು ಹೇಳ್ತಿದ್ದರು. ಒಂದು ದಿನ ಕೂತವರಲ್ಲ..."

ಇದ್ದರು, ಹೇಳ್ತಿದ್ದರು ಎಂಬ ಮಾತುಗಳು ಅವನ ಕಿವಿಗೆ ಸ್ವಲ್ಪ ಚುಚ್ಚಿದವು. ಅಷ್ಟರಲ್ಲಿ ಮಾಲೀಕರು ಬೆಲ್ಟಿನವನ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು.

"ಸಾರ್! ಅದು ನಂದು!"

"ಗೊತ್ತಪ್ಪಾ, ನಿನಗೇ ಅಂತ ಇಟ್ಟಿದ್ದೆ. ನಮ್ಮ ಕೈಯಲ್ಲಿ ಏನಿದೆ ಹೇಳು. ನೀನು ಮನೇಲಿ ಆರಾಮಾಗಿರು, ಇರೋಷ್ಟು ದಿನ."

ಮೂಲೆಯಲ್ಲಿ ಹೆಂಡತಿ ಬಿಕ್ಕಿದಳು. ಆಗ, ಆಗ ಮಾತ್ರ, ಸ್ಕೂಟರು, ಏಣಿ, ಸೌತೆಕಾಯಿ ಎಲ್ಲವೂ ಒಟ್ಟಿಗೆ ಬಂದು ಅವನ ತಲೆಗೆ ಬಡಿದವು.

"ನಾನು ಸಾಯ್ತಿಲ್ಲ ರೀ! ಹೆಬ್ಬೆರಳಿನ ಗಂಟು ಇದು! ಬರೀ ಗಂಟು!" ಎಂದು ಕೂಗಿ, ಬೂದು ಶೂ ಕಿತ್ತೆಸೆದು, ಅಂಗಡಿಯ ಅಳತೆ ಹಲಗೆಯ ಮೇಲೆ ಬಲಗಾಲು ಇಟ್ಟ. "ನೋಡಿ! ನಾನು ಮೊದಲಿಂದಾನೂ ಒಂಬತ್ತೇ! ಸುಳ್ಳು ಹೇಳಿದ್ದೆ!"

ಎಲ್ಲರೂ ಬಗ್ಗಿ ನೋಡಿದರು. ಒಂಬತ್ತೂವರೆ. ಅಂಗಡಿ ತುಂಬ ಅಯ್ಯಯ್ಯೋ ಎಂಬ ಉಸಿರು.

"ಸುಳ್ಳು ಅಂತೆ," ಬೆಲ್ಟಿನವನು ಕುರ್ಚಿಯಿಂದಲೇ ಮರುಗಿದ. "ಒಂಬತ್ತರ ಕಾಲನ್ನ ಏಳಕ್ಕೆ ತುರುಕಿ ಇಪ್ಪತ್ತೆರಡು ವರ್ಷ ಯಾವ ಹುಚ್ಚ ನಿಲ್ತಾನೆ ಸಾರ್? ಪಾಪ, ತಲೆಗೂ ಏರಿದೆ."

"ಹೂಂ ಅನ್ನಿ, ಹೂಂ ಅನ್ನಿ, ಎದುರು ಮಾತಾಡಬೇಡಿ" ಎಂದು ಮಾಲೀಕರು ಪಿಸುಗುಟ್ಟಿದರು. ಎಲ್ಲರೂ ಹೂಂ ಎಂದರು. ಆಮೇಲೆ ಮಾಲೀಕರು ಬಣ್ಣದ ಕಾಗದ ಸುತ್ತಿದ ಡಬ್ಬಿ ಕೊಟ್ಟರು. "ಅಂಗಡಿಯವರೆಲ್ಲರ ನೆನಪಿಗೆ. ಈ ಸಲದ ಅತಿ ಒಳ್ಳೆ ಜೊತೆ."

ಒಳಗೆ ಚೂಪು ಮೂತಿಯ ಕಂದು ಶೂ. ಏಳು ನಂಬರು.

ಅದನ್ನು ನೋಡುತ್ತಿದ್ದಂತೆ ಅವನಿಗೆ ಒಂದು ದಾರಿ ಕಂಡಿತು. ತುರುಕಲು ಸಾಧ್ಯವಿಲ್ಲ ಎಂದು ತಾನೇ ಇವರ ವಾದ? ಇವರ ಕಣ್ಣೆದುರಿಗೇ ತುರುಕಿ ತೋರಿಸಿದರೆ? ಗಿರಾಕಿಗಳ ಬೆಂಚಿನ ಮೇಲೆ ಕೂತ. ಬಾಗಿಲು ಹಾಕಿಕೊಂಡು ಇಪ್ಪತ್ತೆರಡು ವರ್ಷ ಮಾಡಿದ ಸಾಧನೆಯನ್ನು ಮೊದಲ ಬಾರಿಗೆ ಸಭೆಯಲ್ಲಿ ಮಾಡಿದ. ಪೌಡರ್ ತರಿಸಿದ, ಬೆರಳ ಮೇಲೆ ಬೆರಳು ಹತ್ತಿಸಿದ, ಸ್ಟೀಲಿನ ಪಟ್ಟಿ ಕೊಟ್ಟು ದೇವರೇ ಎಂದು ಒತ್ತಿದ. ಕಣ್ಣಲ್ಲಿ ನೀರು ಚಿಲ್ಲೆಂದು ಚಿಮ್ಮಿತು. ಆದರೆ ಕಾಲು ಒಳಗೆ ಹೋಯಿತು. ಎಡಗಾಲೂ ಹೋಯಿತು. ಎದ್ದು ನಿಂತು, ಎರಡು ಹೆಜ್ಜೆ ನಡೆದು, "ಈಗ ಏನಂತೀರಾ?" ಎಂದು ಗೆದ್ದವನ ಹಾಗೆ ಸುತ್ತ ನೋಡಿದ.

ಭಾವಮೈದ ಕಿರುಚಿದ.

"ಅಕ್ಕಾ! ಊತ ಇಳಿದುಹೋಯ್ತು!"

ಅಂಗಡಿಯೆಲ್ಲ ಚಪ್ಪಾಳೆ. ಯಾರೋ ಅಪ್ಪಿಕೊಂಡರು, ಯಾರೋ ಕುಣಿದರು. ಆ ಗದ್ದಲದಲ್ಲಿ ಯಾರದೋ ಬೂಟು ಅವನ ಹೆಬ್ಬೆರಳ ಗಂಟನ್ನು ತುಳಿದೇಬಿಟ್ಟಿತು. ಮಾಲೀಕರು ಅವನ ಎರಡೂ ಕೈ ಹಿಡಿದು, "ಪುನರ್ಜನ್ಮ ಕಣಪ್ಪಾ! ನಾಳೆಯಿಂದಲೇ ಕೆಲಸಕ್ಕೆ ಬಾ" ಎಂದರು.

"ಕುರ್ಚಿ ಸಾರ್?"

"ಕೊಟ್ಟದ್ದನ್ನ ಕಿತ್ಕೊಳ್ಳೋದು ಹೇಗೆ? ಅಲ್ದೆ ನೀನೀಗ ಕಲ್ಲುಗುಂಡಿನ ಹಾಗಿದ್ದೀಯ. ನಿಂತ್ಕೊಳ್ಳೋಕೆ ನಿನಗೇನು ಕಷ್ಟ?"

ಮನೆಗೆ ಬರುವಷ್ಟರಲ್ಲಿ ಸ್ಕೂಟರು ಬಾಗಿಲಿಗೆ ಅಡ್ಡ ನಿಂತಿತ್ತು. ಭಾವಮೈದ ಸಂತೋಷದಿಂದ ಒಂದು ಲೋಟ ಕಾಫಿ ಕುಡಿದು, ಹೋಗುವಾಗ ಏಣಿಯನ್ನು ಹೆಗಲಿಗೇರಿಸಿದ. "ಇನ್ನು ಅವಸರ ಇಲ್ವಲ್ಲ ಭಾವ. ಎರಡು ದಿನ, ತಂದುಕೊಡ್ತೀನಿ."

ಹೆಂಡತಿ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ತಂದು ಅವನ ಕಾಲ ಬಳಿ ಕೂತಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಆತ ಮೊದಲಿಂದ ಕೊನೆಯವರೆಗೆ ಒಪ್ಪಿಸಿದ. ಅವಳು ಅತ್ತಳು, ಆಮೇಲೆ ರೇಗಿದಳು.

"ಒಂಬತ್ತು ಅಂತ ನಂಗೆ ಗೊತ್ತಿರ್ಲಿಲ್ವಾ? ಇಷ್ಟು ವರ್ಷ ನಿಮ್ಮ ಕಾಲುಚೀಲ ಒಗೆದಿದ್ದು ಯಾರು?"

"ಮತ್ತೆ ಅಲ್ಲಿ ಹೇಳೋದು ತಾನೇ!"

"ಹೇಳೋಣ ಅಂತ ಬಾಯಿ ತೆಗೆಯೋಷ್ಟ್ರಲ್ಲಿ ನೀವು ಏಳು ನಂಬರು ಹಾಕ್ಕೊಂಡು ನಿಂತುಬಿಟ್ರಲ್ಲ! ಕಾಲು ದೊಡ್ಡದು ಅಂತ ಗೊತ್ತಿತ್ತು ಕಣ್ರೀ. ಬುದ್ಧಿ ಇಷ್ಟು ಚಿಕ್ಕದು ಅಂತ ಗೊತ್ತಿರ್ಲಿಲ್ಲ."

ಅವನು ಲೆಕ್ಕ ಹಾಕಿ ನೋಡಿದ. ಅಗಲ ಶೂ ಹಾಕಿಕೊಂಡು ಹೋದರೆ ಊತ ಮರಳಿತು ಎಂದು ಮನೆಗೆ ಕಳಿಸುತ್ತಾರೆ, ಕೆಲಸ ಹೋಗುತ್ತದೆ. ಚೂಪು ಶೂ ಹಾಕಿಕೊಂಡು ಹೋದರೆ ಕಾಲು ಹೋಗುತ್ತದೆ. ಎರಡೂ ಹೋಗದಂತೆ ಬದುಕುವ ಬಗೆ ಅವನಿಗೆ ತಿಳಿಯಲಿಲ್ಲ. ಬೆಳಿಗ್ಗೆ ಬೂದು ಶೂ ಹಾಕಿಕೊಂಡು ಹೊರಟ, ಅಂಗಡಿಯ ಹಿಂದಿನ ಮೆಟ್ಟಿಲಲ್ಲಿ ಕೂತು ಕಂದು ಶೂಗೆ ಬದಲಾಯಿಸಿದ.

ಬಾಗಿಲು ತೆರೆದು ಅರ್ಧ ಗಂಟೆಗೆ ಮೊದಲ ಗಿರಾಕಿ ಬಂದ. ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಮ್ಮಸ್ಸಿನ ಮನುಷ್ಯ. ಗಾಜಿನಲ್ಲಿದ್ದ ಚೂಪು ಮೂತಿಯ ಜೊತೆ ತೋರಿಸಿ, "ಅದೇ ಬೇಕು. ಏಳು ನಂಬರು" ಎಂದ.

ಏಳು ನಂಬರಣ್ಣ ಅವನ ಕಾಲು ನೋಡಿದ. ಅಳತೆ ಹಲಗೆ ಬೇಕಿರಲಿಲ್ಲ. "ಸ್ವಾಮಿ, ನಿಮ್ಮದು ಒಂಬತ್ತು. ಅದು ಬೇಡ. ಮುಂದೆ ಅಗಲ ಇರೋದು ಕೊಡ್ತೀನಿ. ಬೆರಳು ಆಡಬೇಕು ಸ್ವಾಮಿ. ನನ್ನ ಮಾತು ಕೇಳಿ" ಎಂದ. ಅವನ ದನಿಯಲ್ಲಿ ಅಂಗಲಾಚುವಿಕೆಯೇ ಇತ್ತು.

"ಏನ್ರೀ ಇದು, ನನ್ನ ಕಾಲು ನನಗೆ ಗೊತ್ತಿಲ್ವಾ?" ಗಿರಾಕಿ ದನಿ ಏರಿಸಿದ.

"ಅಣ್ಣಾ," ಹಿಂದಿನ ಮೂಲೆಯ ಕುರ್ಚಿಯಿಂದ ಬೆಲ್ಟಿನವನ ಮಾತು ತೇಲಿ ಬಂತು, "ಗಿರಾಕಿ ಕೇಳಿದ್ದು ಕೊಡಿ."

ಆತ ಏಳು ನಂಬರು ತಂದ. ಮಂಡಿಯೂರಿ ಕೂತು, ಪೌಡರ್ ಹಾಕಿ, ಹಿಮ್ಮಡಿಗೆ ಪಟ್ಟಿ ಕೊಟ್ಟು ಒತ್ತಿದ. ಗಿರಾಕಿ ಹಲ್ಲು ಕಚ್ಚಿ ಎದ್ದು ನಿಂತ. ಅವನ ಕಣ್ಣಂಚಿನಲ್ಲಿ ನೀರು ತುಂಬಿತ್ತು.

"ನೋಡಿದ್ರಾ? ಹೇಳಿ ಮಾಡಿಸಿದ ಹಾಗಿದೆ" ಎಂದ ಗಿರಾಕಿ.

"ಹೌದು ಸ್ವಾಮಿ" ಎಂದ ಏಳು ನಂಬರಣ್ಣ, ಗಿರಾಕಿಯ ಹಳೆಯ ಚಪ್ಪಲಿಯನ್ನು ಡಬ್ಬಿಗೆ ಹಾಕಿ ದಾರ ಕಟ್ಟಿದ.